ಹದಿನೇಳನೆಯ ಟ್ಯೂಬು

ಟ್ಯೂಬಿನ ಮೇಲೆ ಹೆಸರಿರಲಿಲ್ಲ. ಆಸ್ಪತ್ರೆಯ ಲಿವರ್ ಡಾಕ್ಟರು ಕಳಿಸಿದ್ದು ಎಂಬುದಕ್ಕೆ ಗುರುತಾಗಿ ಅವರ ಕೋಳಿಕಾಲಿನಂಥ ಅಕ್ಷರದ ಚೀಟಿಯೊಂದೇ ಇತ್ತು: ‘ಗಂಡಸು, ನಲವತ್ತೇಳು. ಬೇಗ ನೋಡಿ ಹೇಳಿ.’ ಡಾಕ್ಟರು ಹೀಗೆ ಕಳಿಸುವುದು ಹೊಸದೇನಲ್ಲ. ಊರಿನಲ್ಲಿ ಯಾರ ಮೈಯಲ್ಲಿ ಕಬ್ಬಿಣ ಹದ ತಪ್ಪಿದರೂ ಕೊನೆಗೆ ಬಂದು ನಿಲ್ಲುವುದು ಅವಳ ಪ್ರಯೋಗಾಲಯದ ಬಾಗಿಲಲ್ಲೇ. ಇಪ್ಪತ್ತೆರಡು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದು ಅದೊಂದೇ ಕೆಲಸ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವಳನ್ನು ಕಬ್ಬಿಣದಮ್ಮ ಅನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಯಂತ್ರ ಅಂಕಿ ತೋರಿಸಿದಾಗ ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಮುಖ ಹತ್ತಿರ ತಂದು ನೋಡಿದಳು.

“ಮೇಡಂ, ಫೆರಿಟಿನ್ ಐದು ಸಾವಿರದ ಎಂಟುನೂರು ಅಂತಿದೆ. ಮೆಷಿನ್ ಕೆಟ್ಟಿರ್ಬೇಕು.”

“ಮೆಷಿನ್ ಕೆಟ್ಟಿಲ್ಲ. ಆ ಮನುಷ್ಯ ಕೆಟ್ಟಿದ್ದಾನೆ.”

ಫೆರಿಟಿನ್ ಅಂದರೆ ಮೈ ತನಗೆ ಸಿಕ್ಕ ಕಬ್ಬಿಣವನ್ನು ಕೂಡಿಡುವ ಡಬ್ಬಿ. ಗಂಡಸಿನ ರಕ್ತದಲ್ಲಿ ಅದು ಮುನ್ನೂರು ದಾಟಿದರೆ ಹುಬ್ಬೇರಿಸಬೇಕು, ಸಾವಿರ ದಾಟಿದರೆ ಎದ್ದು ಓಡಬೇಕು. ಕಬ್ಬಿಣದ ವಿಷಯದಲ್ಲಿ ನಮ್ಮ ಮೈ ಮಹಾ ಜಿಪುಣ. ಒಳಗೆ ಬಿಟ್ಟುಕೊಳ್ಳುವುದಕ್ಕೆ ಬಾಗಿಲಿದೆ, ಹೊರಗೆ ಕಳಿಸುವುದಕ್ಕೆ ಬಾಗಿಲೇ ಇಲ್ಲ. ಅದಕ್ಕೇ ಲಿವರು ಹೆಪ್ಸಿಡಿನ್ ಎಂಬ ಕಾವಲುಗಾರನನ್ನು ಹುಟ್ಟಿಸಿ ಕರುಳಿನ ಬಾಗಿಲಲ್ಲಿ ನಿಲ್ಲಿಸಿರುತ್ತದೆ: ಸಾಕು, ಇನ್ನು ಬೇಡ ಎನ್ನುವುದಕ್ಕೆ. ಕೆಲವರು ಹುಟ್ಟುವಾಗಲೇ ಆ ಕಾವಲುಗಾರ ತೂಕಡಿಸುತ್ತಿರುತ್ತಾನೆ. ಅಂಥವರು ಉಂಡ ಒಂದೊಂದು ತುತ್ತಿನಿಂದಲೂ ಒಂದು ಚೂರು ಕಬ್ಬಿಣ ಒಳಗೆ ಜಾರಿ ಲಿವರಿನಲ್ಲಿ, ಹೃದಯದಲ್ಲಿ, ಬೆರಳ ಗೆಣ್ಣಿನಲ್ಲಿ ಕೂತುಬಿಡುತ್ತದೆ. ಬೇಗ ಗೊತ್ತಾದರೆ ಮದ್ದು ಬಹಳ ಸುಲಭ, ನಗು ಬರುವಷ್ಟು ಸುಲಭ. ಆಗಾಗ ಒಂದು ಬಾಟಲಿ ರಕ್ತ ತೆಗೆದು ಚೆಲ್ಲಿದರೆ ಮುಗಿಯಿತು, ಅವನು ಎಲ್ಲರ ಹಾಗೆ ಮುದುಕನಾಗಿಯೇ ಸಾಯುತ್ತಾನೆ.

“ಇದು ಒಂದು ದಿನದಲ್ಲಿ ಆಗೋದಲ್ಲ ಕಣಮ್ಮ,” ಎಂದಳು ಅವಳು, ಕೈಗವಸು ಕಿತ್ತೆಸೆಯುತ್ತ. ಪಾಠ ಹೇಳುವಾಗ ಅವಳ ದನಿಗೆ ಒಂದು ಮಜಾ ಬರುತ್ತಿತ್ತು. “ಹತ್ತು ವರ್ಷ, ಹದಿನೈದು ವರ್ಷ ಹಿಡಿಯುತ್ತೆ. ಸುಸ್ತು ಅಂತಾನೆ. ಗೆಣ್ಣು ನೋವು ಅಂತಾನೆ. ಮೈಬಣ್ಣ ಹಳೇ ಕಂಚಿನ ಥರ ಆಗುತ್ತೆ. ಇಷ್ಟೆಲ್ಲ ಕಣ್ಣಮುಂದೆ ಆಗೋವರೆಗೂ ಮನೆಯವರೇನು ಕತ್ತೆ ಕಾಯ್ತಿದ್ರಾ?”

ವಿದ್ಯಾರ್ಥಿನಿ ಕಿಸಕ್ಕನೆ ನಕ್ಕಳು. ಅವಳೂ ನಕ್ಕಳು. ಅಷ್ಟರಲ್ಲಿ ಫೋನು ಬಂತು.

“ನೋಡಿದ್ರಾ?” ಲಿವರ್ ಡಾಕ್ಟರು.

“ನೋಡ್ದೆ. ಎಲ್ಲಿಂದ ಹಿಡ್ಕೊಂಡು ಬಂದ್ರಿ ಇವನನ್ನ? ಇವನ ಲಿವರಿಗೆ ಅಯಸ್ಕಾಂತ ಇಟ್ರೆ ಅಂಟ್ಕೊಳ್ಳುತ್ತೆ.”

ಡಾಕ್ಟರು ನಗಲಿಲ್ಲ. “ಲಿವರು ಪೂರ್ತಿ ಗಂಟುಗಟ್ಟಿದೆ. ಒಂದು ಗಡ್ಡೇನೂ ಇದೆ. ದೊಡ್ಡದು, ರಕ್ತನಾಳದ ಒಳಗೇ ಹೊಕ್ಕಿದೆ. ಕತ್ತರಿಸೋ ಹಾಗಿಲ್ಲ, ಬದಲಾಯಿಸೋ ಹಾಗಿಲ್ಲ. ಎರಡು ತಿಂಗಳು, ಹೆಚ್ಚಂದ್ರೆ ಮೂರು. ನಿಮ್ಮ ಕೈ ನಡುಗಬಾರ್ದು ಅಂತ ಹೆಸರು ಹಾಕದೇ ಕಳ್ಸಿದೆ. ಅವರೂ ನಿಮಗೆ ಹೇಳ್ಬೇಡಿ ಅಂತಿದ್ರು. ಅಕ್ಕನ ಕೆಲಸ ಕೆಡುತ್ತಂತೆ.”

“ಯಾರ ಅಕ್ಕ?”

“ನಿಮ್ಮ ತಮ್ಮ, ಮೇಡಂ. ಟೈಲರ್.”

ವಿದ್ಯಾರ್ಥಿನಿ ಇನ್ನೂ ನಗುಮುಖದಲ್ಲೇ ಇದ್ದಳು. ಅವಳ ಮೈಮೇಲಿದ್ದ ಬಿಳಿ ಕೋಟನ್ನು ಹೊಲಿದವನೂ ಅವನೇ.

*

ತಮ್ಮನ ಅಂಗಡಿ ಗುಂಡಿ ಮಾರುವ ಅಂಗಡಿಗೂ ಬೀಗ ರಿಪೇರಿಯವನ ಅಂಗಡಿಗೂ ನಡುವೆ, ಎರಡು ಹೊಲಿಗೆ ಯಂತ್ರ ಹಾಕಿದರೆ ಮೂರನೆಯ ಮನುಷ್ಯ ಅಡ್ಡಡ್ಡ ನಡೆಯಬೇಕಾದಷ್ಟು ಇಕ್ಕಟ್ಟಿನದು. ಬಿಸಿಲು ಅಲ್ಲಿಗೆ ಹಣಿಕಿಯೂ ಹಾಕುತ್ತಿರಲಿಲ್ಲ. ಬೆಳಗಿನಿಂದ ಸಂಜೆವರೆಗೂ ಟ್ಯೂಬ್‌ಲೈಟಿನ ಕೆಳಗೆ ಕೂರುವ ಆಳು ವರ್ಷದಿಂದ ವರ್ಷಕ್ಕೆ ಕಂದುಗಟ್ಟುತ್ತ ಹೋದಾಗ ಗಿರಾಕಿಗಳು, “ಏನ್ರೀ, ಸಮುದ್ರಕ್ಕೆ ಹೋಗಿದ್ರಾ?” ಎಂದು ರೇಗಿಸುತ್ತಿದ್ದರು. “ಹೂಂ, ಹಿಂದುಗಡೆ ಬಕೆಟ್ಟಿನಲ್ಲಿ ಇಟ್ಕೊಂಡಿದ್ದೀನಿ,” ಎನ್ನುತ್ತಿದ್ದ ಅವನು. ಅಕ್ಕನೂ ಒಮ್ಮೆ ಅದೇ ಮಾತು ಕೇಳಿದ್ದಳು. ಅದೇ ಉತ್ತರಕ್ಕೆ ನಕ್ಕು, ಮಗನ ಸ್ಕೂಲ್ ಯೂನಿಫಾರಮ್ಮಿನ ಮಡಿಕೆ ಬಿಚ್ಚಿಸಿಕೊಂಡು ಹೋಗಿದ್ದಳು. ಮಗ ಉದ್ದವಾಗಿದ್ದನ್ನು ಪ್ರತಿವರ್ಷ ಮೊದಲು ಗಮನಿಸುತ್ತಿದ್ದವನು ಮಾವ. ತಾಯಿಗೆ ಪುರುಸೊತ್ತಿರಲಿಲ್ಲ.

ಸಂಸ್ಥೆಯ ಕೋಟುಗಳೆಲ್ಲ ಅವನ ಕೈಯವು. ವರ್ಷಕ್ಕೊಂದು ದಿನ ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಬಂದು ಎಲ್ಲರ ಅಳತೆ ತೆಗೆಯುತ್ತಿದ್ದ. ಅದೇ ದಿನ ಅವಳ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವ ದಿನವೂ ಆಗಿತ್ತು. ರೋಗಿಗಳ ರಕ್ತವನ್ನು ಹೋಲಿಸುವುದಕ್ಕೆ ಗಟ್ಟಿಮುಟ್ಟಾದ ನಲವತ್ತು ಜನ ಬೇಕು. ಹೊರಗಿನವರನ್ನು ಹುಡುಕುವ ಬದಲು ಕೆಲಸದವರು, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಸಾಲಾಗಿ ಬಂದು ತೋಳು ಚಾಚುವುದು ಅಲ್ಲಿಯ ವಾಡಿಕೆ. ತಮ್ಮ ಎಲ್ಲರ ಎದೆ, ಭುಜ ಅಳೆಯುತ್ತಿದ್ದ. ಕೊನೆಗೆ ತಾನೂ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದ. ರಕ್ತ ತೆಗೆಯುವವನು ಸೂಜಿಯಣ್ಣ. ಚುಚ್ಚಿದ್ದು ಗೊತ್ತಾಗುವುದರೊಳಗೆ ಹತ್ತಿ ಒತ್ತಿ, “ಏಳಿ, ಆಯ್ತು,” ಎನ್ನುವ ಕೈ ಅವನದು.

ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಟ್ಯೂಬಿಗೆ ಹೆಸರು ಬರೆಯುವ ಹಾಗಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದ್ದೆಂಬುದು ಸೂಜಿಯಣ್ಣನ ಕಪ್ಪು ರಟ್ಟಿನ ಪುಸ್ತಕದಲ್ಲಿ, ಅದು ಕಬ್ಬಿಣದ ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ಅವನ ಸೊಂಟದಲ್ಲಿ. ಯಾರ ರಕ್ತವೆಂದು ತಿಳಿದುಬಿಟ್ಟರೆ ನೋಡುವವರ ಕಣ್ಣು ಪಕ್ಷ ವಹಿಸುತ್ತದೆ ಎಂಬುದು ಅವಳ ವಾದ. ವಾದವೇನೋ ಸರಿಯೇ, ಎಲ್ಲ ಕಡೆ ಹಾಗೇ ಮಾಡುತ್ತಾರೆ.

ಮೊದಲ ವರ್ಷ ಮೂವತ್ತೊಂಬತ್ತು ಚುಕ್ಕೆಗಳು ಅವಳ ನಕ್ಷೆಯ ಮೇಲೆ ಇರುವೆ ಸಾಲಿನ ಹಾಗೆ ಶಿಸ್ತಾಗಿ ಕೂತವು. ಕಬ್ಬಿಣ ಏರಿದಂತೆ ಕಾವಲುಗಾರನೂ ಏರುತ್ತಾನೆ: ಅವಳು ಹತ್ತು ವರ್ಷದಿಂದ ಹೇಳುತ್ತ ಬಂದದ್ದೇ ಅದು. ಒಂದೇ ಒಂದು ಚುಕ್ಕೆ, ಹದಿನೇಳನೆಯದು, ಸಾಲು ಬಿಟ್ಟು ಹೋಗಿ ಮೂಲೆಯಲ್ಲಿ ಕೂತಿತ್ತು. ಫೆರಿಟಿನ್ ಒಂಬೈನೂರ ನಲವತ್ತು, ಕಾವಲುಗಾರ ಹೆಚ್ಚುಕಡಿಮೆ ಸೊನ್ನೆ. ಅವಳು ಆ ಚುಕ್ಕೆಯನ್ನು ಅಳಿಸಿ ಪಕ್ಕದಲ್ಲಿ ‘ರಕ್ತ ತೆಗೆಯುವಾಗ ಕಣ ಒಡೆದಿದೆ’ ಎಂದು ಬರೆದಳು, ಅಂದರೆ ತಪ್ಪು ಸೂಜಿ ಹಿಡಿದವನದು. ಎರಡನೆಯ ವರ್ಷ ಅದೇ ಚುಕ್ಕೆ ಒಂದೂವರೆ ಸಾವಿರಕ್ಕೆ ಹೋಯಿತು. ಅವಳು ಸೂಜಿಯಣ್ಣನನ್ನು ಎಲ್ಲರೆದುರು ನಿಲ್ಲಿಸಿ, “ನೀನು ರಕ್ತ ತೆಗೀತೀಯೋ ಹಸು ಹಾಲು ಕರೀತೀಯೋ?” ಎಂದು ಕೇಳಿದಳು. ಮೂರನೆಯ ವರ್ಷ ಎರಡು ಸಾವಿರದ ನೂರು. ಅಂದು ಅವನು ಬಾಗಿಲ ಹತ್ತಿರ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು, “ಮೇಡಂ, ಹದಿನೇಳನ್ನ ಇನ್ನೊಂದ್ಸಲ ತೆಗೆಯೋಣ. ಅದು ಯಾರದ್ದು ಅಂದ್ರೆ…” ಎಂದಿದ್ದ.

“ಬಾಯ್ಮುಚ್ಚು,” ಎಂದಿದ್ದಳು ಅವಳು. “ಯಾರ ರಕ್ತ ಅಂತ ತಿಳ್ಕೊಳ್ಳೋದು ನನ್ನ ಕೆಲಸ ಅಲ್ಲ. ಹೇಳೋದು ನಿನ್ನ ಕೆಲಸ ಅಲ್ಲ.”

ಮರುವಾರ ಅವನನ್ನು ನೆಲಮಾಳಿಗೆಯ ಇಲಿಕೋಣೆಗೆ ಹಾಕಲಾಯಿತು. ಇಪ್ಪತ್ತು ವರ್ಷ ಮನುಷ್ಯರ ತೋಳು ಹಿಡಿದವನು ಇಲಿಗಳ ಹೊಟ್ಟು ಬದಲಾಯಿಸತೊಡಗಿದ. ಬೀಗದ ಕೈ ಮಾತ್ರ ಅವನ ಹತ್ತಿರವೇ ಉಳಿಯಿತು, ಯಾರೂ ಕೇಳಲಿಲ್ಲ. ನಾಲ್ಕನೆಯ ವರ್ಷ ತಮ್ಮನೇ ಬರಲಿಲ್ಲ. ಬೆರಳ ಗೆಣ್ಣು ಊದಿ ಟೇಪು ಹಿಡಿಯುವುದು ಕಷ್ಟವಾಗಿತ್ತು, ಅಳತೆ ತೆಗೆಯಲು ಅಂಗಡಿಯ ಹುಡುಗಿಯನ್ನು ಕಳಿಸಿದ. ಅದೇ ವರ್ಷ ಅಕ್ಕನ ಪ್ರಬಂಧ ಪ್ರಕಟವಾಯಿತು. ಆ ನೇರವಾದ ಇರುವೆ ಸಾಲನ್ನು ದೇಶದೇಶದವರು ತಮ್ಮ ಪಾಠದ ಪುಸ್ತಕಕ್ಕೆ ಹಾಕಿಕೊಂಡರು. ಅದಾಗಿ ಈಗ ನಾಲ್ಕು ವರ್ಷ.

*

ಇಲಿಕೋಣೆಗೆ ಅವಳು ಇಳಿದು ಎಷ್ಟೋ ತಿಂಗಳಾಗಿತ್ತು. ಮರದ ಹೊಟ್ಟಿನ ವಾಸನೆ, ಉಚ್ಚೆಯ ಘಾಟು, ಗೋಡೆಯುದ್ದಕ್ಕೂ ಪಾರದರ್ಶಕ ಪೆಟ್ಟಿಗೆಗಳು. ಕಾವಲುಗಾರನೇ ಇಲ್ಲದೆ ಹುಟ್ಟುವಂತೆ ಅವಳು ಮಾಡಿಸಿದ ಇಲಿಗಳು ಇವು. ಸೂಜಿಯಣ್ಣ ಒಂದು ಇಲಿಯನ್ನು ಬಾಲದಲ್ಲಿ ಹಿಡಿದು ತೂಗುತ್ತಿದ್ದ. ಅವಳನ್ನು ನೋಡಿಯೂ ತೂಗುವುದನ್ನು ನಿಲ್ಲಿಸಲಿಲ್ಲ.

“ಕಪಾಟಿನ ಬೀಗದ ಕೈ ಬೇಕು,” ಎಂದಳು.

“ಪುಸ್ತಕ ತೆಗೆಯೋ ಹಾಗಿಲ್ವಲ್ಲ ಮೇಡಂ.”

“ಕೊಡು.”

“ಮೂರು ಮಹಡಿ ಹತ್ತಿಳಿಯೋದ್ಯಾಕೆ. ಯಾವ ನಂಬರು ಬೇಕು ಹೇಳಿ, ನಲವತ್ತೂ ಬಾಯಲ್ಲಿದೆ.”

ಅವಳು ನಂಬರು ಹೇಳಲಿಲ್ಲ. ಹೇಳದಿದ್ದರೆ ಅದು ಇನ್ನೂ ಬೇರೆ ಯಾರದ್ದೋ ಆಗಿರಬಹುದು ಎಂಬ ಒಂದು ಎಳೆಯಷ್ಟು ಆಸೆ.

ಅವನು ಇಲಿಯನ್ನು ಪೆಟ್ಟಿಗೆಗೆ ಬಿಟ್ಟು ಮುಚ್ಚಳ ಹಾಕಿದ. “ಹದಿನೇಳು ನಿಮ್ಮ ತಮ್ಮಂದು. ಮೂರು ವರ್ಷಾನೂ. ನೀವು ಕಣ ಒಡೆದಿದೆ ಅಂತ ಬರೆದ್ರಲ್ಲ, ಒಡೆದಿದ್ರೆ ಮೇಲಿನ ತಿಳಿ ಕೆಂಪಾಗಿರುತ್ತೆ. ನಿಮ್ಮ ಮೊದಲನೇ ವರ್ಷದ ಹುಡುಗೀರಿಗೂ ಗೊತ್ತಿರೋ ವಿಷಯ ಅದು. ಅದು ಎಳನೀರಿನ ಹಾಗೆ ತಿಳಿಯಾಗಿತ್ತು. ನೀವು ಟ್ಯೂಬ್ ಕೈಯಲ್ಲಿ ಹಿಡಿದು ನೋಡಲೇ ಇಲ್ಲ. ಕಾಗದದ ಮೇಲಿನ ಅಂಕಿ ನೋಡಿದ್ರಿ.”

“ನೀನು ಹೇಳ್ಬಹುದಿತ್ತು.”

“ಹೇಳೋಕೆ ಬಂದಿದ್ದೆ.”

“ಆಮೇಲಾದ್ರೂ. ನಂಗಲ್ದಿದ್ರೂ ಅವನಿಗೆ.”

ಸೂಜಿಯಣ್ಣ ಈಗ ಮೊದಲ ಬಾರಿ ಅವಳ ಮುಖವನ್ನು ನೇರ ನೋಡಿದ. ಅವನ ನೋಟದಲ್ಲಿ ಸಿಟ್ಟಿರಲಿಲ್ಲ. ಐದು ವರ್ಷ ಹೊಟ್ಟು ಕೆರೆದು ಕೆರೆದು ಸಿಟ್ಟೂ ಸವೆದಿತ್ತು. “ಹೇಳಿದ್ದೀನಲ್ಲ. ಇಲ್ಲಿಗೆ ಹಾಕಿದ ವಾರವೇ ಅವರ ಅಂಗಡಿಗೆ ಹೋಗಿದ್ದೆ. ನಿಮ್ಮ ರಕ್ತ ಒಂಚೂರು ನಿಮ್ಮಕ್ಕಂಗೆ ತೋರಿಸ್ಕೊಳ್ಳಿ ಅಂದೆ. ಅಕ್ಕ ಇರುವಾಗ ನಂಗೇನು ಭಯ ಅಂದ್ರು. ನನ್ನೆದುರಿಗೇ ನಿಮಗೆ ಫೋನ್ ಹಚ್ಚಿದ್ರು. ಸ್ಪೀಕರ್ ಹಾಕಿತ್ತು. ನೀವಂದಿದ್ದು ನೆನಪಿಲ್ವಾ?”

ನೆನಪಿರಲಿಲ್ಲ. ಈಗ ಬಂತು. ಕೈಯಲ್ಲಿ ಪಿಪೆಟ್ಟು, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ ಫೋನು, ಆ ಕಡೆ ಹೊಲಿಗೆ ಯಂತ್ರದ ಸದ್ದು. ‘ಆ ಸೂಜಿಯವನ ಮಾತು ಕಟ್ಕೊಂಡ್ಯಾ? ಅವನಿಗೆ ಸಿರಿಂಜ್ ಹಿಡಿಯೋಕೇ ಬರಲ್ಲ, ಅದಕ್ಕೇ ಇಲಿ ಮೇಯ್ಸೋಕೆ ಕಳ್ಸಿದ್ದೀನಿ. ನಿಂಗೇನೂ ಆಗಿಲ್ಲ, ಮೈಗಳ್ಳತನ. ಸುಸ್ತು ಅಂದ್ರೆ ಕಬ್ಬಿಣದ ಮಾತ್ರೆ ತಗೋ, ದಿನಾ ಒಂದು. ರಕ್ತದಾನ ಗಿಕ್ತದಾನ ಅಂತ ಹೋಗ್ಬೇಡ, ಇರೋದೂ ಹೋಗುತ್ತೆ.’ ಅವನು ‘ಆಯ್ತಕ್ಕ’ ಎಂದಿದ್ದ. ಅವನು ಅಕ್ಕನ ಮಾತಿಗೆ ಬೇರೆ ಏನನ್ನೂ ಎಂದವನಲ್ಲ.

“ನೀವು ಫೋನಿಟ್ಟ ಮೇಲೆ ಅವರೇ ನನ್ನನ್ನ ಸಮಾಧಾನ ಮಾಡಿದ್ರು,” ಎಂದ ಸೂಜಿಯಣ್ಣ. “ಅಕ್ಕ ಮಾತಲ್ಲಿ ಸ್ವಲ್ಪ ಖಾರ, ಮನಸಲ್ಲಿಟ್ಕೋಬೇಡಿ ಅಂದ್ರು. ಒಂದು ಅಂಗಿ ಹೊಲ್ಕೊಟ್ರು.” ಅವನು ಇನ್ನೊಂದು ಪೆಟ್ಟಿಗೆ ಎಳೆದ. “ಇವಕ್ಕೂ ಅವ್ರಿಗೂ ಒಂದೇ ಕಾಯಿಲೆ. ಇವಕ್ಕೆ ವಾರವಾರ ರಕ್ತ ತೆಗೆದು ನೋಡ್ತೀರಿ. ಒಂದು ಇಲಿ ಮಂಕಾದ್ರೆ ನಂಗೆ ಮೂರು ಸಲ ಫೋನು.”

ಅವಳು ಅಲ್ಲಿಂದ ಹೊರಟಳು. ಮೆಟ್ಟಿಲ ಹತ್ತಿರ ನಿಂತು ತಿರುಗಿ, “ಇದು ವಂಶದಲ್ಲಿ ಇಳಿದು ಬರೋದು. ಅವನ ಮಗಳ ರಕ್ತ ನೋಡ್ಬೇಕು. ನಾಳೆ ಆಸ್ಪತ್ರೆಗೆ ಬಾ. ನೀನೇ ತೆಗಿ,” ಎಂದಳು. ಬೇರೆಯವರ ಕೈಯನ್ನು ನಂಬುವ ಧೈರ್ಯ ಅವಳಿಗೆ ಆಗ ಇರಲಿಲ್ಲ.

“ನಾಳೆ ಇಲಿಗಳ ರಕ್ತ ತೆಗೆಯೋ ದಿನ,” ಎಂದ ಅವನು.

“ಅವು ಹಾಳಾಗಿ ಹೋಗ್ಲಿ.”

“ಆಯ್ತು ಮೇಡಂ. ಬರ್ದಿಟ್ಕೋತೀನಿ.”

*

ಆಸ್ಪತ್ರೆಯ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೂಲು, ಪೂರ್ತಿ ತೆರೆಯದ ಒಂದು ಕಿಟಕಿ. ತಮ್ಮನ ಕೈಕಾಲು ಕಡ್ಡಿಯಾಗಿದ್ದವು, ಹೊಟ್ಟೆ ಮಾತ್ರ ನೀರು ತುಂಬಿ ಹೊದಿಕೆಯನ್ನು ಎತ್ತಿ ಹಿಡಿದಿತ್ತು. ಕಣ್ಣು ಹಳದಿ, ಚರ್ಮ ಕಂಚು.

“ಬಂದ್ಯಾ,” ಎಂದ. “ಆ ಡಾಕ್ಟರ ಬಾಯಲ್ಲಿ ಗುಟ್ಟು ನಿಲ್ಲಲ್ಲ. ಹೊಟ್ಟೆ ನೋಡು, ಏಳನೇ ತಿಂಗಳು. ಹೆರಿಗೆ ವಾರ್ಡಿಗೆ ಹಾಕಿ ಅಂದ್ರೆ ಇಲ್ಲಿ ಹಾಕಿದ್ದಾರೆ.”

ಅವಳು ಸ್ಟೂಲಿನ ಮೇಲೆ ಕೂತಳು. ಅವನ ಬಲಗೈಯ ತೋರುಬೆರಳು, ನಡುಬೆರಳಿನ ಬುಡದ ಗೆಣ್ಣುಗಳು ನೆಲ್ಲಿಕಾಯಿಯ ಗಾತ್ರಕ್ಕೆ ಊದಿದ್ದವು. ಆ ಎರಡು ಗೆಣ್ಣಿನ ಬಗ್ಗೆ ಅವಳೇ ಒಂದು ಗಂಟೆ ಪಾಠ ಮಾಡುತ್ತಿದ್ದಳು, ಚಿತ್ರ ಸಹಿತ.

ಬಾಗಿಲ ಬಳಿ ತಮ್ಮನ ಹೆಂಡತಿ ನಿಂತಿದ್ದಳು. ಅತ್ತು ಅತ್ತು ಅವಳ ಮುಖ ಒದ್ದೆ ಬಟ್ಟೆ ಹಿಂಡಿದಂತಾಗಿತ್ತು. “ಅತ್ತಿಗೆ, ನಿಮ್ಮನ್ನ ಒಂದು ಕೇಳ್ಬೇಕು. ಡಾಕ್ಟರು ಕೇಳಿದ್ರು, ಕಬ್ಬಿಣದ ಮಾತ್ರೆ ಏನಾದ್ರೂ ನುಂಗ್ತಿದ್ರಾ ಅಂತ. ಹೌದು ಅಂದೆ. ಐದು ವರ್ಷ, ದಿನಾ, ಊಟ ಆದ್ಮೇಲೆ ನಾನೇ ನೀರಿನ ಲೋಟ ಹಿಡ್ಕೊಂಡು ನಿಂತು ನುಂಗಿಸಿದ್ದೀನಿ. ಅವರು ತಲೆ ಮೇಲೆ ಕೈಯಿಟ್ಕೊಂಡ್ರು. ವಿಷ ಹಾಕಿದ ಹಾಗೆ ಅಂದ್ರು. ನಾನೇ ಹಾಕಿದ್ದಾ?”

ಅವಳು ಗಂಡನ ಕಡೆ ಕೈ ತೋರಿಸಿದಳು.

“ಮಾತ್ರೆ ತಗೋ ಅಂತ ನಿಮಗೆ ಯಾರು ಹೇಳಿದ್ದು ಅಂತ ಇವರನ್ನ ಕೇಳಿದ್ರೆ ಬಾಯೇ ಬಿಡ್ತಿಲ್ಲ,” ಎಂದಳು ಅವಳು.

ಅಕ್ಕ ತಮ್ಮನ ಕಡೆ ನೋಡಿದಳು. ತಮ್ಮ ಅಕ್ಕನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದ.

“ಯಾರೂ ಹೇಳಿಲ್ಲ ಮಾರಾಯ್ತಿ,” ಎಂದ. “ಗುಂಡಿ ಅಂಗಡಿಯವನು ನುಂಗ್ತಿದ್ದ, ನಾನೂ ತಂದೆ. ಅಕ್ಕನ್ನ ಕೇಳಿದ್ರೆ ಬೈತಾಳೆ ಅಂತ ಕೇಳ್ಲಿಲ್ಲ. ನನ್ನ ಬುದ್ಧಿ.”

ಈಗ ಒಂದು ಮಾತು ಹೇಳಿದರೆ ಸಾಕಿತ್ತು. ಬಾಯಲ್ಲಿ ಅದು ಸಿದ್ಧವಾಗಿಯೂ ಇತ್ತು: ನಾನೇ ಹೇಳಿದ್ದು. ನಾಲಿಗೆ ಮೇಲೆ ಅದರ ಒಗರನ್ನು ಅವಳು ಅನುಭವಿಸಿದಳು. ಆಮೇಲೆ ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವಳಿಗೇ ಬೆರಗಾಯಿತು. “ಒಂದು ಮಾತು ಕೇಳ್ಬಹುದಿತ್ತು,” ಎಂದಿದ್ದಳು.

ತಮ್ಮನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ಅವನು ಹೊದಿಕೆಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡ. “ಅಕ್ಕಾ, ಮುಂಚೆನೇ ಗೊತ್ತಾಗಿದ್ರೆ ಸರಿಹೋಗ್ತಿತ್ತಾ?”

“ಇಲ್ಲ,” ಎಂದಳು ಅವಳು, ಬೇಗ. “ಇದು ಮುಂಚೆ ಗೊತ್ತಾಗೋ ಅಂಥದ್ದಲ್ಲ.”

“ಹಾಗಾದ್ರೆ ಬಿಡು. ಅವಳಿಗೆ ಹೇಳ್ತೀನಿ. ಸುಮ್ನೆ ಕೊರಗ್ತಾಳೆ.”

*

ಮರುದಿನ ಬೆಳಿಗ್ಗೆ ಸೂಜಿಯಣ್ಣ ಬಂದ. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡಿದ್ದ. ಐದು ವರ್ಷ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಗೆರೆ ಇಸ್ತ್ರಿಗೂ ಹೋಗಿರಲಿಲ್ಲ.

“ಬನ್ನಿ ಬನ್ನಿ,” ಎಂದ ತಮ್ಮ, ಮುಖವರಳಿಸಿ. “ಭುಜ ಸಡಿಲ ಆಗಿದೆಯಲ್ರೀ. ನೀವು ಇಳಿದ್ರೋ, ನನ್ನ ಕತ್ತರಿ ತಪ್ಪಿತ್ತೋ?”

“ಕತ್ತರಿ ತಪ್ಪಿಲ್ಲ. ನಾನೇ ಇಳಿದಿದ್ದೀನಿ.”

ತಮ್ಮನ ಮಗಳು ಸ್ಟೂಲಿನ ಮೇಲೆ ಕೂತು ತೋಳು ಚಾಚಿದಳು. ಕಾಲೇಜಿನ ಎರಡನೆಯ ವರ್ಷ, ಜೀವವಿಜ್ಞಾನ. ಅತ್ತೆಯನ್ನು ನೋಡಿಯೇ ಆ ದಾರಿ ಹಿಡಿದವಳು. ನಿನ್ನೆಯಿಂದ ಅವಳು ಅತ್ತೆಯ ಜೊತೆ ಒಂದು ಮಾತೂ ಆಡಿರಲಿಲ್ಲ. ದುಃಖ, ಪಾಪ, ಎಂದುಕೊಂಡಿದ್ದಳು ಅತ್ತೆ.

ಸೂಜಿ ಹೊಕ್ಕಿದ್ದು ಯಾರಿಗೂ ಕಾಣಲಿಲ್ಲ. ಟ್ಯೂಬು ತುಂಬಿತು. ಸೂಜಿಯಣ್ಣ ಪೆನ್ನಿನ ಮುಚ್ಚಳ ತೆಗೆದು ಹಿಡಿದ. “ಹೆಸರು ಬರೀಲೋ ನಂಬರೋ ಮೇಡಂ?”

“ಹೆಸರು.”

ಅವನು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದ, ಬೆಳಕಿಗೆ ಹಿಡಿದು ಓದಿದ.

“ನಂಗೂ ಒಂದು ನಂಬರಿತ್ತಲ್ಲ,” ಎಂದ ತಮ್ಮ. ಅವನ ದನಿ ಈಗ ಬೇಗ ಸೋಲುತ್ತಿತ್ತು, ಆದರೂ ಹೇಳುವ ಉಮೇದಿತ್ತು. “ಹದಿನೇಳು. ಚೀಟಿ ಅಂಟಿಸುವಾಗ ನೋಡಿದ್ದೆ. ಅಕ್ಕಾ, ನಿನ್ನ ಪೇಪರು ಕಟ್ಟು ಹಾಕಿಸಿ ಅಂಗಡೀಲಿ ಹಾಕಿದ್ದೀನಲ್ಲ, ಇಸ್ತ್ರಿ ಮೇಜಿನ ಮೇಲ್ಗಡೆ. ಅದರಲ್ಲಿ ನಕ್ಷೆ ಕೆಳಗೆ ಸಣ್ಣ ಅಕ್ಷರದಲ್ಲಿ ಹದಿನೇಳು ಅಂತಿದೆ. ಇಂಗ್ಲಿಷ್ ನಂಗೆ ಬರಲ್ಲ, ಅಂಕಿ ಬರುತ್ತಲ್ಲ. ನಲವತ್ತು ಜನದಲ್ಲಿ ನಂದೊಂದೇ ನಂಬರ್ ಹಾಕಿದ್ದಾಳೆ ನಮ್ಮಕ್ಕ ಅಂತ ಬಂದ ಗಿರಾಕಿಗೆಲ್ಲ ತೋರಿಸಿದ್ದೀನಿ. ಪ್ಯಾಂಟು ಬಿಗಿ ಮಾಡಿಸೋಕೆ ಬಂದವನೂ ಅದನ್ನ ನೋಡದೆ ಹೋಗೋ ಹಾಗಿಲ್ಲ. ಏನಂತ ಬರ್ದಿದ್ದೀಯ, ಒಂದ್ಸಲನೂ ಕೇಳ್ಲೇ ಇಲ್ಲ ನೋಡು.”

ಅಲ್ಲಿ ಬರೆದದ್ದು ಒಂದೇ ಸಾಲು. ಹದಿನೇಳನೆಯ ಸ್ಯಾಂಪಲ್ಲನ್ನು, ರಕ್ತ ಸಂಗ್ರಹದ ದೋಷದ ಕಾರಣ, ಲೆಕ್ಕದಿಂದ ಕೈಬಿಡಲಾಗಿದೆ.

ಅವಳು ಸೂಜಿಯಣ್ಣನ ಕಡೆ ನೋಡಿದಳು. ಅವನು ಟ್ಯೂಬನ್ನು ಜೇಬಿಗಿಟ್ಟು, “ಯಾರ ರಕ್ತ ಏನಂತ ಹೇಳೋದು ನನ್ನ ಕೆಲಸ ಅಲ್ಲ ಮೇಡಂ,” ಎಂದು ಡಬ್ಬಿ ಮುಚ್ಚಿದ. ತಮ್ಮನ ಕಾಲನ್ನು ಹೊದಿಕೆಯ ಮೇಲಿನಿಂದಲೇ ಒಮ್ಮೆ ಮುಟ್ಟಿ ಹೊರಟುಹೋದ.

“ಹೇಳಕ್ಕ.”

“ನಿನ್ನ ರಕ್ತದಿಂದ…” ಎಂದಳು ಅವಳು. “ನಿನ್ನ ರಕ್ತದಿಂದ ತುಂಬ ಉಪಕಾರ ಆಯ್ತು ಅಂತ. ಅದಿಲ್ದಿದ್ರೆ ಈ ಕೆಲಸ ಆಗ್ತಿರ್ಲಿಲ್ಲ ಅಂತ.”

“ಹಾಗಂತ ಬರ್ದಿದ್ದೀಯಾ?”

“ಹೂಂ.”

ಅವನು ಸೂರಿನ ಕಡೆ ನೋಡುತ್ತ ಮಲಗಿದ. ಬಾಯಿಯ ಒಂದು ಕೊನೆ ನಗುತ್ತಿತ್ತು. “ಗುಂಡಿ ಅಂಗಡಿಯವನು ನಂಬ್ತಾನೇ ಇರ್ಲಿಲ್ಲ. ಬರ್ಲಿ ಅವನು.”

*

ಮಗಳ ರಕ್ತದಲ್ಲಿ ಎಲ್ಲ ಸರಿಯಾಗಿತ್ತು. ಫೆರಿಟಿನ್ ನಲವತ್ತೆರಡು. ಅತ್ತೆ ಟ್ಯೂಬನ್ನು ತಾನೇ ಕೈಯಲ್ಲಿ ಹಿಡಿದು, ಬೆಳಕಿಗೆ ತೋರಿಸಿ, ಮೂರು ಸಲ ನೋಡಿದಳು. ಮರುದಿನ ಸಂಜೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ಕಾಗದವನ್ನು ಹುಡುಗಿಯ ಕೈಗಿಟ್ಟಳು. “ನಿಂಗೇನೂ ಭಯ ಇಲ್ಲ ಪುಟ್ಟಿ.”

ಹುಡುಗಿ ಕಾಗದ ನೋಡಿ ನಾಲ್ಕಾಗಿ ಮಡಿಸಿದಳು. “ಮೊನ್ನೆ ಅಂಗಡಿ ಬಾಗಿಲು ಹಾಕೋಕೆ ಹೋದಾಗ ಅದನ್ನ ಓದಿದೆ ಅತ್ತೆ. ನಾಲ್ಕು ವರ್ಷದಿಂದ ಗೋಡೆ ಮೇಲೆ ನೋಡ್ತಿದ್ದೆ, ಓದಿರ್ಲಿಲ್ಲ. ಕೈಬಿಡಲಾಗಿದೆ.”

ಅತ್ತೆಯ ಬೆನ್ನು ಗೋಡೆ ಹುಡುಕಿತು.

“ಸೂಜಿ ಅಂಕಲ್ ಹತ್ರಾನೂ ಹೋಗಿದ್ದೆ. ಅವರು ಒಂದು ಮಾತೂ ಆಡ್ಲಿಲ್ಲ. ಇಲಿ ತೋರಿಸಿದ್ರು.”

“ನಾನು ಹೇಳ್ತೀನಿ,” ಎಂದಳು ಅತ್ತೆ. “ನಿಮ್ಮಪ್ಪಂಗೆ, ನಿಮ್ಮಮ್ಮಂಗೆ, ಎಲ್ಲಾರ್ಗೂ. ಈಗ್ಲೇ ಒಳಗೆ ಹೋಗಿ ಹೇಳಿಬಿಡ್ತೀನಿ.” ಹೇಳುತ್ತಿದ್ದಂತೆ ಅವಳಿಗೆ ಎದೆ ಹಗುರವಾದ ಹಾಗಾಯಿತು. ಅಳಬಹುದು, ಬೈಸಿಕೊಳ್ಳಬಹುದು, ಅವನು ಕ್ಷಮಿಸುತ್ತಾನೆ. ಅವನು ಕ್ಷಮಿಸುವ ಜಾತಿಯವನೇ.

“ಬೇಡ,” ಎಂದಳು ಹುಡುಗಿ.

“ಅಲ್ಲಮ್ಮ…”

“ಹೇಳಿ ನೀವು ಹಗುರ ಆಗ್ತೀರಿ. ಅಪ್ಪಂಗೆ ಇರೋದು ಅದೊಂದೇ, ಅದನ್ನೂ ಕಿತ್ಕೋತೀರಾ?” ಅವಳ ದನಿ ಏರಲಿಲ್ಲ. ಪಾಠ ಒಪ್ಪಿಸುವ ಹಾಗಿತ್ತು. “ಅಮ್ಮಂಗೆ ನಾನು ಹೇಳ್ತೀನಿ, ಆಮೇಲೆ. ಅಪ್ಪ ಇರೋವರೆಗೂ ನೀವು ದಿನಾ ಬನ್ನಿ. ಲ್ಯಾಬಿಗೆ ರಜ ಹಾಕಿ. ಅಪ್ಪ ದಿನಾ ಕೇಳ್ತಾರೆ, ನಿಮಗೆ ಗೊತ್ತಲ್ಲ ಅವರು ಹೇಗೆ. ಅವರು ಕೇಳ್ಲಿ. ನೀವು ಹೇಳಿ.”

ಒಳಗಿನಿಂದ ತಮ್ಮನ ದನಿ ಬಂತು. “ಅಕ್ಕಾ, ಬಂದ್ಯಾ? ಬಾ ಇಲ್ಲಿ, ಯಾರು ಬಂದಿದ್ದಾರೆ ನೋಡು.”

ಗುಂಡಿ ಅಂಗಡಿಯವನು ಸ್ಟೂಲಿನ ತುದಿಯಲ್ಲಿ ಕೂತಿದ್ದ, ತಂದ ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು. ಅವಳನ್ನು ಕಂಡು ಎದ್ದು ನಿಂತ. ತಮ್ಮ ಮೊಣಕೈ ಊರಿ, ಉಬ್ಬಸ ಬಿಡುತ್ತ, ದಿಂಬಿಗೆ ಒರಗಿ ಕೂತ. ಹುಡುಗಿ ಒಳಗೆ ಬಂದು ಕಿಟಕಿಯ ಬಳಿ ಕೈಕಟ್ಟಿ ನಿಂತಳು.

“ಹದಿನೇಳು,” ಎಂದ ತಮ್ಮ, ಗುಂಡಿಯವನಿಗೆ ಬೆರಳು ತೋರಿಸಿ. “ನೀನು ನಂಬ್ತಿರ್ಲಿಲ್ವಲ್ಲ. ಈಗ ಬರೆದವರ ಬಾಯಲ್ಲೇ ಕೇಳು. ಹೇಳಕ್ಕ, ಏನಂತ ಬರ್ದಿದ್ದೀಯ?”

ಅವಳು ಹುಡುಗಿಯ ಕಡೆ ನೋಡಿದಳು. ಹುಡುಗಿ ಕಾಯುತ್ತಿದ್ದಳು.

“ಅವನ ರಕ್ತದಿಂದ ತುಂಬ ಉಪಕಾರ ಆಯ್ತು ಅಂತ,” ಎಂದಳು.

“ಪೂರ್ತಿ ಹೇಳು, ನಿನ್ನೆ ಹೇಳಿದ್ಯಲ್ಲ.”

“ಅದಿಲ್ದಿದ್ರೆ ಈ ಕೆಲಸ ಆಗ್ತಿರ್ಲಿಲ್ಲ ಅಂತ.”

“ಕೇಳಿದ್ಯಾ?” ಎಂದ ತಮ್ಮ. ಗುಂಡಿಯವನು ತಲೆಯಾಡಿಸಿದ. “ನಾಳೆ ಬೀಗದವನು ಬರ್ತಾನೆ ಅಕ್ಕಾ. ಅವನಿಗೆ ಕಿವಿ ಮಂದ. ಸ್ವಲ್ಪ ಜೋರಾಗಿ ಹೇಳ್ಬೇಕು.”